ಸಾಹೇಬರು ‘ನೋಡೋಣ’ ಅಂದರು

ಸಾಹೇಬರು ‘ನೋಡೋಣ’ ಅಂದರು. ನಾನು ಬ್ಯಾಗು ಹೆಗಲಿಗೇರಿಸಿ ಎದ್ದೆ.

ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಯಾರಿಗಾದರೂ ಗೊತ್ತಿರುವ ವಿಷಯ ಇದು. ‘ನೋಡೋಣ’ ಅಂದರೆ ಮಾತು ಮುಗಿಯಿತು, ಫ್ಯಾನಿನ ಕೆಳಗೆ ಕೂತದ್ದು ಸಾಕು, ಹೊರಡಿ ಎಂದರ್ಥ. ‘ಆಗಲ್ಲ’ ಅಂದರೆ ಜಗಳ ಆಡಬಹುದು. ‘ಆಗುತ್ತೆ’ ಅಂದರೆ ಯಾವಾಗ ಎಂದು ಕೇಳಬಹುದು. ‘ನೋಡೋಣ’ ಅಂದವರನ್ನು ಹಿಡಿದುಕೊಳ್ಳುವುದು ಎಲ್ಲಿ?

ಪಕ್ಕದ ಕುರ್ಚಿಯಲ್ಲಿದ್ದ ಮೌಸುಮಿ ಮಾತ್ರ ಏಳಲಿಲ್ಲ. ಮುಖವೆಲ್ಲ ನಗು ಮಾಡಿಕೊಂಡು ಮುಂದಕ್ಕೆ ಬಾಗಿದಳು.

“ಥ್ಯಾಂಕ್ಯೂ ಸರ್. ಯಾವಾಗ ನೋಡೋಣ? ಈಗಾ?”

“ಏನಮ್ಮಾ?”

“ನೋಡೋಣ ಸರ್. ನೀವು, ನಾನು, ಆಂಟಿ. ಹೋಗೋಣ, ನೋಡೋಣ. ನಾನು ಆಟೋ ತರ್ತೀನಿ.”

ಬಾಗಿಲಲ್ಲಿದ್ದ ಜವಾನ ಫೈಲನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದ. (ಅದು ಕೆಮ್ಮಾಗಿರಲಿಲ್ಲ.) ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಈ ಮೌಸುಮಿ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ದೂರದ ಅಗರ್ತಲಾದ ಹುಡುಗಿ. ಸಮಾಜಕಾರ್ಯದ ವಿದ್ಯಾರ್ಥಿನಿ. ಕಂಟೋನ್‌ಮೆಂಟಿನ ಒಂದು ತರಬೇತಿ ಸಂಸ್ಥೆಗೆ ಆರೋಗ್ಯದ ಇಂಟರ್ನ್ ಆಗಿ ಬಂದು, ಕಾಕ್ಸ್ ಟೌನಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಇದ್ದಾಳೆ. ಇಂಜೆಕ್ಷನ್ ಕೊಡುವುದನ್ನು ಕಲಿಯುತ್ತಾಳೆ ಅಂದುಕೊಂಡಿದ್ದೆ. ಅಲ್ಲವಂತೆ. ಸರ್ಕಾರವನ್ನು ಕಲಿಯುತ್ತಾಳಂತೆ! ಯಾವ ಇಲಾಖೆ ಏನು ಮಾಡಬೇಕು, ಮಾಡದಿದ್ದರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು. ಇದಕ್ಕೆ ಅಡ್ವೊಕಸಿ ಅಂತ ಹೆಸರು. ಕನ್ನಡದಲ್ಲಿ ಏನೆನ್ನಬೇಕೋ ನನಗೂ ತಿಳಿಯದು. ವಕಾಲತ್ತು ಅಂದರೆ ಜನ ಕೋರ್ಟು ಅಂದುಕೊಳ್ಳುತ್ತಾರೆ. ಒತ್ತಾಯ ಅಂದರೆ ಪೊಲೀಸರು ಬರುತ್ತಾರೆ.

ಸಂಜೆ ಮನೆಗೆ ಬಂದರೆ ಅವಳದು ಪ್ರಶ್ನೆಗಳ ಸುರಿಮಳೆ. “ಆಂಟಿ, ನಿಮ್ಮ ರೋಡಲ್ಲಿ ನೀರು ಯಾರದ್ದು? ಮೋರಿ ಯಾರದ್ದು? ಸೊಳ್ಳೆ ಯಾರದ್ದು?”

“ಸೊಳ್ಳೆ ನಮ್ದೇಮ್ಮ, ಮನೇಲೇ ಸಾಕಿದೀವಿ” ಅಂದರು ನನ್ನ ಯಜಮಾನರು. ಅವಳು ನಗಲಿಲ್ಲ. ಅದನ್ನೂ ಯೋಚಿಸಿದಳು.

ಅವಳ ಕನ್ನಡ ನಮ್ಮ ಮನೆಯಲ್ಲೇ ಕಲಿತದ್ದು. ‘ಊಟ ಮಾಡೋಣ ಬಾ’ ಅಂದರೆ ನಾವು ಊಟ ಮಾಡುತ್ತೇವೆ. ‘ಸೀರಿಯಲ್ ನೋಡೋಣ ಬಾ’ ಅಂದರೆ ನಿಜವಾಗಿಯೂ ಕೂತು ಸೀರಿಯಲ್ ನೋಡುತ್ತೇವೆ. ಹಾಗಿರುವಾಗ ಸಾಹೇಬರು ‘ನೋಡೋಣ’ ಅಂದಾಗ ಅವಳು ಕುರ್ಚಿ ಬಿಟ್ಟು ಏಳಬೇಕು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಇನ್ನು ನಾನು ಯಾಕೆ ಆ ಕಚೇರಿಗೆ ಹೋಗಿದ್ದೆ? ಅಲ್ಲೇ ಇರುವುದು ನನ್ನ ಸಂಕಟ.

ನನ್ನ ತವರು ಕೆ.ಆರ್. ಪುರಂ ಆಚೆಯ ಒಂದು ಹಳ್ಳಿ. (ಹೆಸರು ಬೇಡ, ಅಣ್ಣ ಈ ಅಂಕಣ ಓದುತ್ತಾನೆ.) ಹಳ್ಳಿ ಅನ್ನುವುದು ಅಭ್ಯಾಸಬಲ. ರಾಗಿ ಹೊಲದಲ್ಲಿ ಲೇಔಟ್ ಎದ್ದಿದೆ. ಹಸು ಕಟ್ಟುತ್ತಿದ್ದ ಜಾಗದಲ್ಲಿ ನಮ್ಮಣ್ಣ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾನೆ. ದೊಡ್ಡನೆಕ್ಕುಂದಿ ಕಡೆಯ ಫ್ಯಾಕ್ಟರಿಗಳಿಗೆ ಹೋಗುವವರು ಅಲ್ಲಿದ್ದಾರೆ. ಅಣ್ಣನ ಮಗಳು ಸುಧಾ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಮಾಲೂರಿನ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಮೊದಲ ಬಾಣಂತನ ತವರಿನದಲ್ಲವೇ.

ಅವಳು ಬಂದ ತಿಂಗಳೊಳಗೆ ಅಣ್ಣನ ಬಾಡಿಗೆ ಮನೆಗಳಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಕಾಮಾಲೆ. ನಲ್ಲಿ ತಿರುಗಿಸಿದರೆ ಮೊದಲು ಬರುವ ನೀರಿಗೆ ಮೋರಿಯ ವಾಸನೆ. ನಾನು ಈ ಸುದ್ದಿಯನ್ನು ಮನೆಯಲ್ಲಿ ಸುಮ್ಮನೆ ಹೇಳುತ್ತಿದ್ದೆ. ಮೌಸುಮಿ ತಟ್ಟೆಯಿಂದ ಕೈ ತೆಗೆದಳು.

“ಆಂಟಿ, ಸುಧಾ ಅಕ್ಕ ಆ ನೀರು ಕುಡೀತಾರಾ?”

“ಕುಡೀದೇ ಇನ್ನೇನು?”

“ನೀರಿಂದ ಬರೋ ಜಾಂಡೀಸ್ ಬೇರೆಯವರಿಗೆ ಬಂದು ಹೋಗುತ್ತೆ ಆಂಟಿ. ಕೊನೆ ತಿಂಗಳ ಬಸುರಿಗೆ ಬಂದ್ರೆ ತುಂಬಾ ಡೇಂಜರ್. ತಾಯಿಗೂ, ಮಗೂಗೂ.”

ಮಾರನೆಯ ದಿನ ನಮ್ಮ ಡಾಕ್ಟರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು, ಇನ್ನೂ ಗಂಭೀರ ಮುಖದಲ್ಲಿ. ಅಂದಿನಿಂದ ಸುಧಾಳ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದೆ. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳು ನಾನು. ಅಪಾಯ ಅನ್ನುವ ಪದವನ್ನು ದಿನಕ್ಕೆ ನೂರು ಸಲ ಬರೆಯುತ್ತೇನೆ. ಅದು ಮನೆಯೊಳಗೆ ಬಂದು ಕೂತಾಗ ಹೇಗಿರುತ್ತದೆ ಎಂದು ಗೊತ್ತಾಗಿದ್ದು ಆಗಲೇ.

ತವರಿಗೆ ಓಡಿದೆ. ನೀರು ಕುದಿಸಿ ಕೊಡಿ ಅಂದೆ. ಅತ್ತಿಗೆ ನಕ್ಕುಬಿಟ್ಟರು. “ಕಾದಾರಿದ ನೀರು ಬಾಣಂತಿಗೆ ಕಣಮ್ಮಾ. ಇವಳಿನ್ನೂ ಬಸುರಿ. ಈಗಿಂದ್ಲೇ ಶುರು ಮಾಡ್ಕೋಬೇಕಾ?”

ಹಾಗಾದರೆ ನಮ್ಮ ಮನೆಗೆ ಕಳಿಸಿ ಅಂದೆ. ಅಣ್ಣನಿಗೆ ಸಿಟ್ಟು ಬಂತು. “ಚೊಚ್ಚಲ ಬಾಣಂತನ ಸೋದರತ್ತೆ ಮನೇಲಾ? ಯಾಕೆ, ತವರು ಸತ್ತೋಗಿದ್ಯಾ? ಮಾಲೂರಿನೋರು ಏನಂತಾರೆ?”

“ಮಾಲೂರಿನವ್ರು ಏನಂತಾರೋ ಬಿಡು, ಮಗೂಗೆ ಏನಾದ್ರೂ ಆದ್ರೆ?”

“ನಮ್ಮೂರ ನೀರು ಕುಡಿದು ನೀನೂ ಬೆಳೆದೆ, ನಾನೂ ಬೆಳೆದೆ. ನಿಂಗೇನಾಗಿದೆ? ಕಲ್ಲಿನಂಗಿದೀಯ.” ಆಮೇಲೆ ಸ್ವಲ್ಪ ಮೆತ್ತಗಾಗಿ, “ಅಷ್ಟಿದ್ರೆ ಹೋಗಿ ಗೌರ್ಮೆಂಟ್‌ನೋರನ್ನ ಕೇಳು. ನೀರು ಸರಿಯಾಗಿ ಬಿಡ್ಬೇಕಾದೋರು ಅವ್ರಲ್ವಾ? ಪೇಪರ್‌ನಲ್ಲಿ ಬರೀತೀಯಲ್ಲ, ಹೇಳು ಅವ್ರಿಗೆ” ಅಂದ.

ಸರಿ, ಕೇಳೋಣ ಎಂದು ಹೊರಟದ್ದು. ಮೌಸುಮಿ ಬೆನ್ನು ಹತ್ತಿದಳು. ಅವರ ಮೇಷ್ಟರು ಹೇಳಿಕೊಟ್ಟಿದ್ದರಂತೆ: ಕೂಗಾಡಬೇಡಿ, ಕೈ ಮುಗಿಯಬೇಡಿ, ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕೂತಿರಿ. ನೀರಿನವರ ಹತ್ತಿರ ಹೋದರೆ, ಮೋರಿ ಒಡೆದಿರಬೇಕು, ಮೋರಿಯವರನ್ನು ಕೇಳಿ ಅಂದರು. ಮೋರಿಯವರು, ನಮ್ಮ ಮೋರಿ ಸರಿಯಾಗಿದೆ, ಅವರ ಪೈಪೇ ಕೊಳೆತಿದೆ ಅಂದರು. ಇಬ್ಬರೂ ಸೇರಿ ತೋರಿಸಿದ್ದು ಆರೋಗ್ಯದವರನ್ನು. ಹೀಗೆ ಅತ್ತಿಂದಿತ್ತ ಅಲೆದು ಕೊನೆಗೆ ಕೂತದ್ದು ನಾನು ಮೊದಲು ಹೇಳಿದ ಆರೋಗ್ಯದ ಸಾಹೇಬರ ಎದುರು.

ಈಗ ಮತ್ತೆ ಅಲ್ಲಿಗೆ ಬನ್ನಿ.

“ಅಲ್ಲಮ್ಮ, ನಾನು ನೋಡೋಣ ಅಂದೆ” ಎಂದರು ಸಾಹೇಬರು, ಪದದ ಮೇಲೆ ಸ್ವಲ್ಪ ಒತ್ತು ಕೊಟ್ಟು.

“ಹೌದು ಸರ್” ಎಂದಳು ಇವಳು, ಇನ್ನೂ ಖುಷಿಯಾಗಿ. “ನೋಡೋಣ.”

ಅವರೇನು ಮಾಡಬೇಕು ಪಾಪ! ‘ನೋಡೋಣ ಅಂದರೆ ನೋಡುವುದಿಲ್ಲ ಅಂತ ಅರ್ಥ’ ಎಂದು ಯಾವ ಅಧಿಕಾರಿ ಬಾಯಿ ಬಿಟ್ಟು ಹೇಳುತ್ತಾನೆ? ಅದೂ ಜವಾನನ ಎದುರು, ಪೇಪರಿಗೆ ಬರೆಯುವ ಹೆಂಗಸಿನ ಎದುರು?

“ಜೀಪ್ ಇಲ್ವಲ್ಲಮ್ಮ.”

“ಬಸ್ ಇದೆ ಸರ್. ನಾವು ಬಸ್‌ನಲ್ಲೇ ಬಂದ್ವಿ.”

“ಇವತ್ತು ಮೀಟಿಂಗ್ ಇದೆ.”

“ನಾಳೆ ನೋಡೋಣ ಸರ್. ಎಷ್ಟು ಗಂಟೆಗೆ?”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. “ಹತ್ತಕ್ಕೆ ಬನ್ನಿ” ಅಂದರು.

ವಾಪಸು ಬರುವಾಗ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿತ್ತು. ನಾನು ಅವಳಿಗೆ ‘ನೋಡೋಣ’ದ ಅಸಲಿ ಅರ್ಥ ಬಿಡಿಸಿ ಹೇಳಿದೆ. ಅವಳ ಮುಖ ಸಣ್ಣದಾಯಿತು.

“ನಿಮ್ಮ ಕಡೆ ಹೀಗೆಲ್ಲ ಹೇಳಲ್ವಾ?” ಎಂದು ಕೇಳಿದೆ.

“ಹೇಳ್ತಾರೆ ಆಂಟಿ. ಬಂಗಾಳಿಯಲ್ಲೂ ಹಿಂಗೇ. ಆದ್ರೆ ಕನ್ನಡದಲ್ಲಿ ಇಲ್ಲ ಅನ್ಕೊಂಡೆ.”

ಅಷ್ಟರಲ್ಲಿ ಗೇಟು ತೆಗೆಯಿತು.

ಮಾರನೆಯ ದಿನ ಸಾಹೇಬರು ಬಂದರು! ಜೀಪಿನಲ್ಲೇ ಬಂದರು. (ಇಲ್ಲದ ಜೀಪು ರಾತ್ರಿಯೊಳಗೆ ಹುಟ್ಟಿಕೊಂಡಿತ್ತು.) ಜೊತೆಗೆ ನೀರಿನ ಕಚೇರಿಯ ಒಬ್ಬರನ್ನೂ ಎಳೆದು ತಂದಿದ್ದರು. ಮೌಸುಮಿ ಜೊತೆ ಅವಳ ಕ್ಲಾಸಿನ ಇನ್ನಿಬ್ಬರಿದ್ದರು. ನಾನು ಎದೆಯುಬ್ಬಿಸಿಕೊಂಡು ಮುಂದೆ ನಡೆದೆ. ನನ್ನ ಊರು, ನನ್ನ ಬೀದಿ, ನಾನು ಕರೆತಂದ ಸರ್ಕಾರ. ಯಾರಿಗುಂಟು ಯಾರಿಗಿಲ್ಲ?

ಅಣ್ಣ ಗೇಟಿನ ಹತ್ತಿರ ನಿಂತಿದ್ದ. ಜೀಪು ನೋಡಿದ ಕೂಡಲೇ ಅವನ ಮುಖದ ಬಣ್ಣ ಹೋಯಿತು. ನನಗಾಗ ಅರ್ಥವಾಗಲಿಲ್ಲ.

ಬೀದಿಯ ಮುಖ್ಯ ಪೈಪು ಸರಿಯಾಗಿತ್ತು. ಅಲ್ಲಿಂದ ಒಂದು ಕವಲು ಅಣ್ಣನ ಮನೆಯ ಕಡೆ ತಿರುಗಿತ್ತು. ನೀರಿನವರು ಅದನ್ನೇ ಹಿಡಿದು ಹೋದರು. ಪೈಪು ಮೋರಿಯೊಳಗೆ ಇಳಿಯಿತು. ಬಾಡಿಗೆ ಮನೆಗಳ ಉದ್ದಕ್ಕೂ ಮೋರಿಯಲ್ಲೇ ಮಲಗಿ ಸಾಗಿತ್ತು. ಎರಡು ಕಡೆ ಜಾಯಿಂಟ್ ಬಿಟ್ಟುಹೋಗಿ, ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು. ನೀರು ಬಿಟ್ಟಾಗ ಅಲ್ಲಿಂದ ಹೊರಕ್ಕೆ ಚಿಮ್ಮುತ್ತದೆ, ನಿಲ್ಲಿಸಿದಾಗ ಮೋರಿಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ.

“ಈ ಲೈನ್ ನಮ್ದಲ್ಲ” ಎಂದರು ನೀರಿನವರು. “ಪರ್ಮಿಷನ್ ಇಲ್ದೇ ಯಾರೋ ಎಳ್ಕೊಂಡಿದಾರೆ.”

ಯಾರೋ! ಬಾಡಿಗೆಯವರೆಲ್ಲ ಹೊಸಿಲಲ್ಲಿ ನಿಂತು ಅಣ್ಣನನ್ನೇ ನೋಡುತ್ತಿದ್ದರು.

ಅಣ್ಣ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. “ನೀನ್ಯಾಕೆ ಇವರನ್ನ ಕರ್ಕೊಂಡ್ ಬಂದೆ?”

“ನೀನೇ ತಾನೇ ಹೋಗಿ ಕೇಳು ಅಂದಿದ್ದು?”

“ಕೇಳು ಅಂದೆ! ಗೌರ್ಮೆಂಟ್‌ನೋರು ನಿಜವಾಗ್ಲೂ ಬಂದ್ ನೋಡ್ತಾರೆ ಅಂತ ಯಾರಿಗ್ ಗೊತ್ತಿತ್ತು?”

ಇಷ್ಟು ದಿನ ನಾನು ಸರ್ಕಾರವನ್ನು ಬೈದುಕೊಂಡು ಬಸ್ಸು ಹತ್ತಿ ಇಳಿದಿದ್ದೆ. ತನ್ನ ಪೈಪು ಮೋರಿಯಲ್ಲಿದೆ ಎಂದು ಅಣ್ಣನಿಗೆ ಗೊತ್ತಿತ್ತು. ಅದರಿಂದ ಕಾಯಿಲೆ ಬರುತ್ತದೆ ಅಂತ ಅವನು ನಂಬಿರಲಿಲ್ಲ, ಅಷ್ಟೇ. ಅವನೂ ಅದೇ ನೀರು ಕುಡಿಯುತ್ತಿದ್ದ. ಮಗಳಿಗೂ ಅದನ್ನೇ ಕೊಡುತ್ತಿದ್ದ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಅವನು ಕೆಟ್ಟವನಲ್ಲ. ಅದೇ ಕಷ್ಟ.

ಸಾಹೇಬರಿಗೆ ಈಗ ಜೀವ ಬಂತು. ನಿನ್ನೆಯ ಕುರ್ಚಿಯ ಬಾಕಿಯನ್ನೆಲ್ಲ ತೀರಿಸಿಕೊಳ್ಳುವ ಹಾಗೆ, ಬಹಳ ವಿನಯದಿಂದ ನನ್ನ ಕಡೆ ತಿರುಗಿದರು.

“ನಿಮ್ಮ ಅಣ್ಣೋರ ಮನೇನಾ ಮೇಡಂ? ಈಗೇನ್ ಮಾಡೋಣ, ನೀವೇ ಹೇಳಿ. ಲೈನ್ ಕಟ್ ಮಾಡ್ಬೇಕಾಗುತ್ತೆ. ಬೇಡ ಅಂದ್ರೆ, ನಾವಿಲ್ಲಿಗೆ ಬಂದೇ ಇಲ್ಲ ಅನ್ಕೊಳ್ಳಿ.”

ಮೌಸುಮಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಣ್ಣನೂ ನೋಡುತ್ತಿದ್ದ. ಬೇರೆ ಯಾರದೋ ಮನೆಯಾಗಿದ್ದರೆ ‘ಕತ್ತರಿಸಿ ಬಿಸಾಕಿ’ ಎಂದು ಕೂಗಿ, ಇಲ್ಲಿ ಬಂದು ಒಂದು ಅಂಕಣ ಬರೆದು, ನಿಮ್ಮಿಂದ ಶಹಭಾಸ್ ಅನ್ನಿಸಿಕೊಳ್ಳುತ್ತಿದ್ದೆ. ಇದು ತವರು. ಹಬ್ಬಕ್ಕೆ ಸೀರೆ ಕೊಟ್ಟು ಕಳಿಸುವ ಮನೆ. ಇಲ್ಲಿ ಬಾಯಿ ಬಿಡುವುದು ಹೇಗೆ?

ಅಷ್ಟರಲ್ಲಿ ಸುಧಾ ಹೊರಗೆ ಬಂದಳು. ಮನೆಗೆ ದೊಡ್ಡವರು ಬಂದಿದ್ದಾರೆ ಅಂತ ಅತ್ತಿಗೆ ಅವಳ ಕೈಯಲ್ಲಿ ಮಜ್ಜಿಗೆ ಕೊಟ್ಟು ಕಳಿಸಿದ್ದರು. ತುಂಬಿದ ಹೊಟ್ಟೆ ಹೊತ್ತು ನಿಧಾನವಾಗಿ ನಡೆದು ಬಂದು, ಸಾಹೇಬರ ಮುಂದೆ ತಟ್ಟೆ ಹಿಡಿದಳು.

ಸಾಹೇಬರು ಲೋಟ ನೋಡಿದರು. ಮೋರಿ ನೋಡಿದರು.

“ಬೇಡಮ್ಮ. ನಂಗೆ ಶುಗರ್ ಇದೆ.”

ಉಪ್ಪು ಹಾಕಿದ ಮಜ್ಜಿಗೆಗೂ ಶುಗರ್‌ಗೂ ಏನು ಸಂಬಂಧ? ನೀರಿನವರ ಮುಂದೆ ಹಿಡಿದಳು. ಅವರು ಈಗ ತಾನೇ ಕಾಫಿ ಆಯಿತು ಅಂದರು. ಸುಧಾ ಪೆದ್ದಿಯಲ್ಲ. ಬಿ.ಕಾಂ. ಮಾಡಿದ ಹುಡುಗಿ. ತಟ್ಟೆಯನ್ನು ಜಗುಲಿಯ ಮೇಲಿಟ್ಟಳು. ಸಾಹೇಬರ ಕಡೆಗೇ ತಿರುಗಿದಳು.

“ನೀವು ಒಂದು ಲೋಟ ಕುಡಿಯಕ್ಕೆ ಹೆದರ್ತೀರ. ನಾನು ಬಂದಾಗಿನಿಂದ ಇದನ್ನೇ ಕುಡೀತಿದೀನಿ ಸಾರ್. ಕಟ್ ಮಾಡಿ.”

“ಏಯ್ ಸುಧಾ, ಒಳಗ್ ಹೋಗು” ಅಂದ ಅಣ್ಣ.

“ಹೋಗ್ತೀನಪ್ಪ. ಬಟ್ಟೆ ತಗೊಂಡು ಅತ್ತೆ ಜೊತೆ ಹೋಗ್ತೀನಿ.”

ಲೈನು ಕತ್ತರಿಸಿದರು. ನಾವು ಆಟೋದಲ್ಲಿ ಹೊರಟೆವು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಬಾಡಿಗೆಯವರು ಹರಸಿದರು ಅಂದುಕೊಂಡಿರಾ? ಇಲ್ಲ. ಇನ್ನು ಬೀದಿ ಕೊನೆಯ ಬೋರ್‌ವೆಲ್ಲಿಂದ ಬಿಂದಿಗೆ ಹೊರಬೇಕಲ್ಲ! ಕಾಮಾಲೆಯಿಂದ ಎದ್ದು ಕೂತವರೇ ನನ್ನನ್ನು ಬೈದರು. “ಬರ್ತಿದ್ದ ನೀರನ್ನ ನಿಲ್ಲಿಸಿ ಹೋದ್ಲು ಮಹಾತಾಯಿ” ಎಂದದ್ದು ನನ್ನ ಕಿವಿಗೇ ಬಿತ್ತು.

ಆಟೋದಲ್ಲಿ ಮೌಸುಮಿ ಸುಧಾಳ ಬಟ್ಟೆಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು, “ಆಂಟಿ, ನಮ್ಮ ಕ್ಲಾಸಲ್ಲಿ ಗೌರ್ಮೆಂಟ್ ಚಾರ್ಟ್ ಇದೆ. ಮಂತ್ರಿ, ಇಲಾಖೆ, ಆಫೀಸರ್, ಎಲ್ಲ ಇದಾರೆ. ನಿಮ್ಮ ಅಣ್ಣ ಚಾರ್ಟಲ್ಲಿ ಎಲ್ಲಿ?”

ಉತ್ತರ ನಿಮಗೆ ಗೊತ್ತಿದ್ದರೆ ಬರೆದು ಕಳಿಸಿ, ಅವಳಿಗೆ ಕೊಡುತ್ತೇನೆ.

ಮಾರನೆಯ ದಿನವೇ ಸುಧಾಳನ್ನು ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ರಕ್ತ ಪರೀಕ್ಷೆ ಮಾಡಿ, ಈಗ ಏನೂ ಇಲ್ಲ, ಆದರೆ ಈ ಕಾಯಿಲೆ ಒಳಗೆ ಹೊಕ್ಕು ವಾರಗಟ್ಟಲೆ ಸುಮ್ಮನಿರುತ್ತದೆ, ಕಾಯಬೇಕು ಎಂದರು. ಕಾಯುವುದು! ನನ್ನಂಥ ಚಡಪಡಿಕೆಯ ಹೆಂಗಸಿಗೆ ಇದಕ್ಕಿಂತ ಶಿಕ್ಷೆ ಬೇಕೇ? ಬೆಳಗ್ಗೆ ಏಳುವುದೇ ತಡ, ಸುಧಾಳನ್ನು ಕಿಟಕಿಯ ಬಿಸಿಲಿಗೆ ನಿಲ್ಲಿಸಿ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡುತ್ತಿದ್ದೆ. ಬಿಳಿ ಇದೆಯಾ? ಸ್ವಲ್ಪ ಹಳದಿ ಇದೆಯಾ? ಪರದೆ ಹಳದಿ ಬಣ್ಣದ್ದಿತ್ತು, ಅದನ್ನೇ ತೆಗೆಸಿಬಿಟ್ಟೆ. ಅವಳು ಊಟ ಬೇಡ ಅಂದರೆ ನನ್ನ ಜೀವ ಹಾರುತ್ತಿತ್ತು. ಉಗುರಿಗೆ ಅರಿಶಿನ ಮೆತ್ತಿದ್ದ ದಿನ ಮಹಡಿಯಿಂದ ಮೌಸುಮಿಯನ್ನು ಕೂಗಿ ಕರೆದೆ.

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನಿಂಗೆ ಕಾಮಾಲೆ ಇಲ್ದೇನೇ ಹಂಗಾಗಿದೆಯಲ್ಲೇ” ಅಂದರು ಯಜಮಾನರು. ಅವರೂ ನಾನು ಅತ್ತ ಹೋದ ಮೇಲೆ ಸುಧಾಳ ಕಣ್ಣನ್ನು ಕದ್ದು ನೋಡುತ್ತಿದ್ದರು. ನನಗೆ ಗೊತ್ತಿಲ್ಲವೇ?

ಅಣ್ಣ ಫೋನು ಮಾಡಲಿಲ್ಲ. ಅತ್ತಿಗೆ ಮಾತ್ರ ಬಂದು ಹೋಗುತ್ತಿದ್ದರು. ಅವರ ಬಾಯಲ್ಲಿ ಮೌಸುಮಿ ‘ಮೋಸಂಬಿ’ ಆಗಿದ್ದಳು. “ಆ ಮೋಸಂಬಿ ಬಂದ್ಮೇಲೇ ನಮ್ಮನೆ ಕೆಟ್ಟಿದ್ದು” ಎಂದು ಗೊಣಗುತ್ತ, ಅದೇ ಮೋಸಂಬಿಗೆ ತಂದ ಚಕ್ಕುಲಿಯನ್ನು ಡಬ್ಬಿಗೆ ಸುರಿಯುತ್ತಿದ್ದರು. ನಮ್ಮ ಜನ ಹೀಗೇ.

ಹೋದ ವಾರ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ಚೆನ್ನಾಗಿದ್ದಾಳೆ, ಮಗು ಚೆನ್ನಾಗಿದೆ. ಶಿವಾಜಿನಗರದ ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್ ಬಂದು ಹೇಳಿದಾಗ ನಾನು ಗೋಡೆ ಹಿಡಿದುಕೊಂಡು ಅತ್ತೆ. ನಾಚಿಕೆ ಬಿಟ್ಟು ಅತ್ತೆ.

ಮೊನ್ನೆ ಭಾನುವಾರ ಅಣ್ಣ ಮನೆಗೆ ಬಂದ. ಹೊಸ ಶರ್ಟು, ಕೈಯಲ್ಲಿ ಹಣ್ಣಿನ ಬುಟ್ಟಿ. ಕೋಪವೆಲ್ಲ ಕರಗಿಹೋಗಿತ್ತು. ಮೊಮ್ಮಗಳನ್ನು ಎತ್ತಿಕೊಂಡು, ಅಂಗಾಲು ಮುಟ್ಟಿ, ಕಿವಿ ಮುಟ್ಟಿ, ಬಿಸಿಲಿಗೆ ಹಿಡಿದು ನೋಡಿದ. ಕಣ್ಣಲ್ಲಿ ನೀರು ತುಂಬಿತ್ತು. ಕಾಫಿ ತಂದು ಕೊಟ್ಟು ಪಕ್ಕದಲ್ಲಿ ಕೂತೆ.

“ಹೊಸ ಲೈನ್‌ಗೆ ಅರ್ಜಿ ಹಾಕಿದ್ಯಾ?” ಎಂದು ಮೆಲ್ಲಗೆ ಕೇಳಿದೆ.

“ಅದ್ಯಾಕೆ?” ಅಂದ ಅವನು, ಮಗುವಿನ ಮೇಲಿಂದ ಕಣ್ಣು ತೆಗೆಯದೆ. “ನೋಡು, ಚಿನ್ನದ ಗೊಂಬೆ ಹಂಗಿದೆ ಮಗು. ನನ್ ಮಗಳು ತಿಂಗಳಾನುಗಟ್ಲೆ ಅದೇ ನೀರು ಕುಡಿದ್ಲಲ್ಲ, ಏನಾಯ್ತು? ಜಾಂಡೀಸ್ ಬಂತಾ? ಇಲ್ವಲ್ಲ! ಅಂದ್ಮೇಲೆ ನೀರು ಚೆನ್ನಾಗೇ ಇತ್ತು. ಬಾಡಿಗೆಯೋರಿಗೆ ಬಂದಿದ್ದು ಹೊರಗಡೆ ತಿಂದು. ನೀನೂ ಆ ಹುಡುಗೀನೂ ಸೇರಿ ಸುಮ್ನೆ ಊರೆಲ್ಲ ಎಬ್ಬಿಸಿದ್ರಿ. ಬಾಣಂತಿ ಮನೆಗೆ ಬರೋಷ್ಟ್ರಲ್ಲಿ ಹಳೇ ಲೈನೇ ಜೋಡಿಸಿಬಿಡ್ತೀನಿ, ಬಿಡು.”

ಬಾರದೇ ಹೋದ ಕಾಮಾಲೆಗೆ ನಾನು ಸಾಕ್ಷಿಯನ್ನು ಎಲ್ಲಿಂದ ತರಲಿ?